ನಾಯಿಯ ಬೈತಲೆ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಕಡೆ ಯಾರ ಮೇಲೆ ಬೇಕಾದರೂ ಎಸೆಯಬಹುದು. ಸಾಲ ಮಾಡಿ ಜೋರಾಗಿ ಮದುವೆ ಮಾಡಿದವರ ಮೇಲೆ, ಸೋರುವ ಮನೆಗೆ ಸುಣ್ಣಬಣ್ಣ ಮಾಡಿಸಿದವರ ಮೇಲೆ, ಕಂತಿನಲ್ಲಿ ಬೈಕು ತಂದ ಹುಡುಗರ ಮೇಲೆ. ನಾಲ್ಕೈದು ವರ್ಷಗಳಿಂದ ನಮ್ಮ ನೆಂಟರು ಅದನ್ನು ನನ್ನ ತಮ್ಮನ ಕೆಲಸದ ಮೇಲೆ ಎಸೆಯುತ್ತಿದ್ದಾರೆ. ಅವನು ಬೆಂಗಳೂರಿನಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಜುಟ್ಟು ಕಟ್ಟುತ್ತಾನೆ. ಉದ್ದ ಕೂದಲಿನ ನಾಯಿಯಾದರೆ ಜಡೆಯನ್ನೂ ಹೆಣೆಯುತ್ತಾನೆ. ಕಿವಿಗೆ ಎರಡು ಪುಟ್ಟ ಜಡೆ, ನೆತ್ತಿಯ ಮೇಲೆ ಒಂದು, ಹುಟ್ಟುಹಬ್ಬ ಇದ್ದರೆ ಬೆನ್ನುದ್ದಕ್ಕೂ ಒಂದು. ಹಬ್ಬದ ದಿನ ಕೊನೆಗೆ ರಿಬ್ಬನ್ನು.

ಗಾದೆಯಲ್ಲಿ ಜುಟ್ಟು ಇರುವವನ ಹೊಟ್ಟೆಯ ಮಾತಿದೆ, ಜುಟ್ಟು ಕಟ್ಟುವವನ ಹೊಟ್ಟೆಯ ಮಾತಿಲ್ಲ. ನಮ್ಮ ಮನೆಯ ಹಿಟ್ಟು ಮೂರು ತಲೆಮಾರಿನಿಂದ ಬೇರೆಯವರ ಜುಟ್ಟಿನಿಂದಲೇ ಬಂದಿದೆ.

ನಮ್ಮದು ಕ್ಷೌರಿಕರ ಮನೆ. ತಾತ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಡಪ ಹಿಡಿದು ಮನೆ ಮನೆಗೆ ಹೋಗುತ್ತಿದ್ದ. ಹಡಪ ಎಂದರೆ ಕತ್ತಿ, ಕತ್ತರಿ, ಬಾಚಣಿಗೆ, ಸಾಣೆಕಲ್ಲು, ನೀರಿನ ಬಟ್ಟಲು ಇಟ್ಟುಕೊಳ್ಳುವ ಚೀಲ. ಆಗಾಗ ದುಡ್ಡು ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ರಾಗಿ ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎಂದು ಹೆಸರು. ಕ್ಷೌರ ನಡೆಯುತ್ತಿದ್ದುದು ಹಿತ್ತಿಲಿನಲ್ಲಿ, ಇಲ್ಲವೇ ಮರದ ಕೆಳಗೆ. ಮಾಡಿಸಿಕೊಂಡವರು ತಲೆಯ ಮೇಲೆ ನೀರು ಸುರಿದುಕೊಂಡೇ ಮನೆಯೊಳಗೆ ಹೋಗುತ್ತಿದ್ದರು. ಗದ್ದ ಎತ್ತಿ ಗಂಟಲಿನ ಮೇಲೆ ಕತ್ತಿ ಆಡಿಸಲು ಬಿಡುವಷ್ಟು ನಂಬಿಕೆ, ಆ ಕೈ ಮುಟ್ಟಿದ್ದನ್ನು ತೊಳೆದುಕೊಳ್ಳುವಷ್ಟು ಮಡಿ, ಎರಡೂ ಒಂದೇ ಬೆಳಗ್ಗೆ ನಡೆದುಹೋಗುತ್ತಿದ್ದವು.

ಅಪ್ಪ 1994ರಲ್ಲಿ ಚನ್ನಪಟ್ಟಣಕ್ಕೆ ಬಂದು ಎರಡು ಕುರ್ಚಿಯ ಅಂಗಡಿ ಇಟ್ಟ. ಅವ್ವ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕುತ್ತಾಳೆ. ಶ್ರಾವಣ ಬಂದರೆ ವರಮಹಾಲಕ್ಷ್ಮಿ ಕಳಸದ ಹಿಂದೆ ಇಳಿಬಿಡುವ ಜಡೆಗಳನ್ನು ಚೌರಿಯಲ್ಲಿ ಹೆಣೆದು, ಕುಚ್ಚು ಸೇರಿಸಿ ಅಂಗಡಿಗಳಿಗೆ ಕೊಡುತ್ತಾಳೆ. ತಮ್ಮ ಕತ್ತರಿ ಹಿಡಿಯುವುದನ್ನು ಅಪ್ಪನಿಂದ ಕಲಿತ. ಜಡೆಯನ್ನು ಕಲಿತದ್ದು ಅವ್ವನ ಪಕ್ಕ ಕುಳಿತು, ಮೊಗ್ಗುಗಳನ್ನು ಒಂದೇ ಅಳತೆಗೆ ಆರಿಸಿಕೊಡುತ್ತ. ಗಂಡುಹುಡುಗನಿಗೆ ಇದೆಲ್ಲ ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ಆರಿಸಿಕೊಡುವವರು ಬೇಕಿತ್ತು, ಅವನು ಮನೆಯಲ್ಲಿದ್ದ.

ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಕಸುಬಿನ ಪದಗಳನ್ನು. ರಾಮನಗರದ ರೇಷ್ಮೆಯವರ ಬಾಯಲ್ಲಿ ಗೂಡು, ಚಂದ್ರಿಕೆ, ಬಿಚ್ಚಾಣಿಕೆ. ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ ಆಲೆ ಮರ, ಅರಗು, ಮೆರುಗು ಬರಲು ಉಜ್ಜುವ ತಾಳೆ ಗರಿ. ಈ ಊರುಗಳ ಹೆಸರುಗಳೇ ಎಷ್ಟೋ ಸಲ ಬದಲಾಗಿವೆ. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಕನಕಪುರ ಕಾನಕಾನಹಳ್ಳಿ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಹೆಸರು ಬದಲಾದರೆ ನೆಲದ ಬೆಲೆ ಏರುತ್ತದೆ ಎಂದು ಜನ ಮಾತಾಡಿಕೊಂಡರು. ಕಸುಬಿನ ಹೆಸರಿನ ಕಥೆಯೂ ಹೀಗೆಯೇ. ಅಪ್ಪನ ಅಂಗಡಿಯ ಬೋರ್ಡು ಮೊದಲು ಕ್ಷೌರದಂಗಡಿ ಎಂದಿತ್ತು, ಆಮೇಲೆ ಹೇರ್ ಕಟಿಂಗ್ ಸಲೂನ್ ಆಯಿತು, ಈಗ ಮೆನ್ಸ್ ಪಾರ್ಲರ್ ಆಗಿದೆ. ತಮ್ಮನ ಗುರುತಿನ ಚೀಟಿಯಲ್ಲಿ ಪೆಟ್ ಸ್ಟೈಲಿಸ್ಟ್ ಎಂದಿದೆ.

ಅವನು ಈ ಕೆಲಸಕ್ಕೆ ಬಂದದ್ದು ಆಸೆಯಿಂದಲ್ಲ. 2020ರ ಲಾಕ್‌ಡೌನಿನಲ್ಲಿ ಕ್ಷೌರದಂಗಡಿಗಳೆಲ್ಲ ಮುಚ್ಚಿದವು. ಸರ್ಕಾರ ಕ್ಷೌರಿಕರಿಗೆ 5,000 ರೂಪಾಯಿಯ ಪರಿಹಾರ ಘೋಷಿಸಿತು. ಅಂಗಡಿ ತೆರೆಯಬಹುದು ಎಂದಾದ ಮೇಲೂ ಜನ ಮುಖ ಮುಟ್ಟಿಸಿಕೊಳ್ಳಲು ಹೆದರುತ್ತಿದ್ದರು. ಬೆಂಗಳೂರಿನಲ್ಲಿ ನಾಯಿ ತೊಳೆಯುವವರು ಬೇಕು ಎಂದು ಗೆಳೆಯನೊಬ್ಬ ಹೇಳಿದ. ತಮ್ಮ ಹೋದ. ಮೊದಲ ಆರು ತಿಂಗಳು ತೊಳೆಯುವುದು, ಒಣಗಿಸುವುದು, ನೆಲದ ಕೂದಲು ಗುಡಿಸುವುದು. ಒಂದು ದಿನ ಜಡೆ ಹೆಣೆಯುವ ಹುಡುಗಿ ರಜೆ ಹಾಕಿದ್ದಳು. ಇವನು ಹೆಣೆದ. ಅಂದಿನಿಂದ ಅವನ ಕೆಲಸ ಬದಲಾಯಿತು.

ಕಳೆದ ವರ್ಷ ಕೆಲವು ದಿನ ನಾನು ನೋಟ್‌ಬುಕ್ಕು ಹಿಡಿದು ಅವನ ಪಕ್ಕ ನಿಂತೆ. ಆ ಕೋಣೆಯಲ್ಲಿ ಓಡಾಡುವ ಮಾತೆಲ್ಲ ಇಂಗ್ಲಿಷು ಮತ್ತು ಹಿಂದಿ. ಆದರೆ ನನಗೆ ವಿವರಿಸುವಾಗ ತಮ್ಮನ ಬಾಯಿಂದ ಬಂದದ್ದೆಲ್ಲ ಅವ್ವನ ಪದಗಳು.

ಮೊದಲನೆಯದು ಸಿಕ್ಕು. ಶಿ ತ್ಸು ಜಾತಿಯ ನಾಯಿಗೆ ಎರಡು ಪದರದ ಕೂದಲು. ಮೇಲೆ ಉದ್ದನೆಯದು, ಒಳಗೆ ಹತ್ತಿಯಂಥದ್ದು. ಉದುರಿದ ಒಳಗೂದಲು ಕೆಳಗೆ ಬೀಳದೆ ಮೇಲಿನದಕ್ಕೆ ಸುತ್ತಿಕೊಂಡು ಗಂಟಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ಅಂದರೆ ಎಲ್ಲೆಲ್ಲಿ ಉಜ್ಜುತ್ತದೋ ಅಲ್ಲೆಲ್ಲ. ಮಾಲ್ಟೀಸ್, ಯಾರ್ಕ್‌ಷೈರ್ ಟೆರಿಯರ್‌ಗಳದು ಒಂದೇ ಪದರದ ರೇಷ್ಮೆಯಂಥ ಕೂದಲು. ಅಲ್ಲಿ ಎಳೆದರೆ ತುಂಡಾಗುವ ಭಯ, ಹೆಣೆದರೆ ಜಾರಿ ಬಿಚ್ಚಿಕೊಳ್ಳುವ ಕಾಟ. ಯಾವುದೇ ಆಗಲಿ, ಸಿಕ್ಕು ಬಿಡಿಸದೆ ನೀರು ಹಾಕಬಾರದು. ನೆನೆದು ಒಣಗಿದ ಗಂಟು ಕಂಬಳಿಯಂತೆ ಗಟ್ಟಿಯಾಗುತ್ತದೆ, ಆಮೇಲೆ ಬೋಳಿಸುವುದೊಂದೇ ದಾರಿ. ಬಿಡಿಸುವಾಗ ಬುಡದಿಂದ ತುದಿಗೆ ಬಾಚಬಾರದು. ಎಡಗೈಯಲ್ಲಿ ಕೂದಲಿನ ಬುಡ ಹಿಡಿದು, ಬಲಗೈಯಲ್ಲಿ ತುದಿಯಿಂದ ಒಂದೊಂದೇ ಇಂಚು ಮೇಲಕ್ಕೆ ಬರಬೇಕು. ಬುಡ ಹಿಡಿದರೆ ಎಳೆತ ಚರ್ಮಕ್ಕೆ ಹೋಗುವುದಿಲ್ಲ, ಹಿಡಿದ ಬೆರಳಿನಲ್ಲೇ ನಿಲ್ಲುತ್ತದೆ.

"ಅವ್ವ ನಿಂಗೆ ಬಾಚ್ತಿದ್ದಿದ್ದು ಹಿಂಗೇ ಅಲ್ವಾ ಅಕ್ಕ," ಅಂದ. ಹೌದು, ಹಾಗೆಯೇ.

ಮೇಲ್ಮೇಲೆ ಬಾಚಿದರೆ ನೋಡುವುದಕ್ಕೆ ನುಣ್ಣಗೆ ಕಾಣುತ್ತದೆ, ಒಳಗೆ ಸಿಕ್ಕು ಹಾಗೆಯೇ ಇರುತ್ತದೆ. ಅದಕ್ಕೆ ಕೂದಲನ್ನು ಸಾಲು ಸಾಲಾಗಿ ಎತ್ತಿ, ಚರ್ಮ ಕಾಣುವ ಹಾಗೆ ಗೆರೆ ತೆಗೆದು, ಒಂದೊಂದೇ ಸಾಲು ಬಾಚಿ ಇಳಿಸಬೇಕು. ಸ್ನಾನದ ಮೇಲೆ ಬುಡದವರೆಗೆ ಒಣಗಿಸಬೇಕು. ಒದ್ದೆ ಕೂದಲಿಗೆ ಜಡೆ ಹಾಕಿದರೆ ತೇವ ಒಳಗೇ ಉಳಿದು ಚರ್ಮ ಕೆಡುತ್ತದೆ.

ಎರಡನೆಯದು ಬೈತಲೆ. ಬಾಚಣಿಗೆಯ ಚೂಪಾದ ಬಾಲದಿಂದ ಒಂದು ಕಣ್ಣಿನ ಹೊರ ಮೂಲೆಯಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಣ್ಣಿನ ಹೊರ ಮೂಲೆಗೆ ಗೆರೆ ಎಳೆಯುತ್ತಾನೆ. ಆ ಗೆರೆಯ ಮುಂದಿನ ಕೂದಲಷ್ಟೇ ಜುಟ್ಟಿಗೆ ಸೇರಬೇಕು. ಲಾಸಾ ಆಪ್ಸೊ, ಮಾಲ್ಟೀಸ್, ಯಾರ್ಕ್‌ಷೈರ್ ನಾಯಿಗಳನ್ನು ಪ್ರದರ್ಶನಕ್ಕೆ ಸಿದ್ಧ ಮಾಡುವಾಗ ಬೆನ್ನುಮೂಳೆಯ ಮೇಲೆ ಬಾಲದ ಬುಡದವರೆಗೂ ಒಂದೇ ನೇರ ಗೆರೆ ತೆಗೆದು ಕೂದಲನ್ನು ಎರಡೂ ಪಕ್ಕಕ್ಕೆ ನೆಲದವರೆಗೆ ಇಳಿಬಿಡುತ್ತಾರೆ. ತಮ್ಮ ಅದಕ್ಕೂ ಬೈತಲೆ ಎಂದೇ ಅಂದ. ನಾನು ಬರೆಯುವುದನ್ನು ಒಂದು ಕ್ಷಣ ನಿಲ್ಲಿಸಿದೆ. ನಮ್ಮಲ್ಲಿ ಬೈತಲೆಗೆ ಕುಂಕುಮ ಇಡುತ್ತಾರೆ, ಬೈತಲೆಬೊಟ್ಟು ಹಾಕುತ್ತಾರೆ. ಅದೇ ಪದ ನಾಯಿಯ ಬೆನ್ನ ಮೇಲೆ ಯಾವ ಮುಜುಗರವೂ ಇಲ್ಲದೆ ಕುಳಿತಿತ್ತು.

ಮೂರನೆಯದು ಕಟ್ಟು. ನೆತ್ತಿಯ ಕೂದಲನ್ನು ಒಟ್ಟುಗೂಡಿಸಿ ಸಣ್ಣ ಲ್ಯಾಟೆಕ್ಸ್ ಬ್ಯಾಂಡು ಹಾಕಿ, ಮುಂದಿನ ಭಾಗವನ್ನು ಬಾಚಣಿಗೆಯ ಬಾಲದಿಂದ ತುಸು ಸಡಿಲಿಸುತ್ತಾನೆ. ಶಿ ತ್ಸುವಿನ ಕಣ್ಣುಗಳು ಹೊರಗೆ ಉಬ್ಬಿರುತ್ತವೆ, ಬೇಗ ಗಾಯವಾಗುವಂಥವು. ಜುಟ್ಟು ಕಟ್ಟುವುದೇ ಆ ಕಣ್ಣಿಗೆ ಕೂದಲು ಚುಚ್ಚದಿರಲಿ ಎಂದು. ಆದರೆ ಕಟ್ಟು ಬಿಗಿಯಾದರೆ ರೆಪ್ಪೆಯೇ ಮೇಲಕ್ಕೆ ಎಳೆದುಕೊಂಡು ಕಣ್ಣು ಪೂರ್ತಿ ಮುಚ್ಚುವುದಿಲ್ಲ. ದಿನವೂ ಬಿಗಿಯಾಗಿ ಕಟ್ಟಿದರೆ ಬುಡ ಸಡಿಲವಾಗಿ ಅಲ್ಲಿ ಬೋಳಾಗುತ್ತದೆ. ಇದು ಹೆಂಗಸರ ತಲೆಯಲ್ಲೂ ಆಗುವಂಥದ್ದೇ. ಬಿಚ್ಚುವಾಗ ಬ್ಯಾಂಡನ್ನು ಎಳೆಯಬಾರದು, ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು.

ಕಿವಿಯ ಜಡೆ ಇನ್ನೂ ಅಪಾಯದ್ದು. ಜೋಲುಗಿವಿಯ ಚರ್ಮ ತೆಳ್ಳಗೆ, ಕೂದಲಿನ ನಡುವೆ ಅದು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬೆರಳಿನಲ್ಲಿ ತಡಕಿ ಅದರ ತುದಿ ಗುರುತಿಸಿ, ಅದಕ್ಕಿಂತ ಕೆಳಗೆ ಹೆಣಿಗೆ ಶುರು ಮಾಡಬೇಕು. ಬ್ಯಾಂಡು ಚರ್ಮದ ಮೇಲೆ ಕುಳಿತರೆ ರಕ್ತ ಓಡಾಡುವುದು ನಿಂತು ಕಿವಿಯ ಆ ಭಾಗವೇ ಸಾಯುತ್ತದೆ. ಕಟ್ಟಿದ ಮೇಲೆ ಬ್ಯಾಂಡಿಗೂ ಕಿವಿಗೂ ನಡುವೆ ಬಾಚಣಿಗೆಯ ಹಲ್ಲು ತೂರಿಸಿ ನೋಡುವುದು ಅವನ ಕ್ರಮ. ಹಲ್ಲು ಸಲೀಸಾಗಿ ಹಾಯ್ದರೆ ಸರಿ.

ಬೆನ್ನಿನ ಜಡೆಯಲ್ಲಿ ಮೂರು ಎಳೆಗಳಿಂದ ಶುರು ಮಾಡಿ, ಪ್ರತಿ ಮಡಿಕೆಗೂ ಎರಡೂ ಪಕ್ಕದಿಂದ ಹೊಸ ಕೂದಲು ಸೇರಿಸುತ್ತ ಹೋಗಬೇಕು. ನಮ್ಮ ಹುಡುಗಿಯರು ಫ್ರೆಂಚ್ ಜಡೆ ಅನ್ನುವುದು ಇದನ್ನೇ. ಮನುಷ್ಯರ ತಲೆಯ ಚರ್ಮ ಬುರುಡೆಗೆ ಅಂಟಿಕೊಂಡಿರುತ್ತದೆ, ನಾಯಿಯ ಬೆನ್ನಿನ ಚರ್ಮ ಸಡಿಲ. ಅದು ಕುಳಿತರೂ ತಿರುಗಿದರೂ ಜಡೆ ಒಂದಲ್ಲ ಒಂದು ಕಡೆ ಎಳೆಯುತ್ತದೆ. ಆದ್ದರಿಂದ ನಾಯಿ ನಿಂತಿರುವಾಗ ಚೆನ್ನಾಗಿ ಕಂಡ ಹೆಣಿಗೆಯನ್ನು ಅದನ್ನು ಕೂರಿಸಿ, ಮಲಗಿಸಿ ಮತ್ತೆ ನೋಡಬೇಕು. ಫೋಟೋ ಆದ ಮೇಲೆ ಅದೇ ದಿನ ಬಿಚ್ಚಬೇಕು. ವಾರಗಟ್ಟಲೆ ಬಿಟ್ಟರೆ ಜಡೆಯೇ ಸಿಕ್ಕಾಗುತ್ತದೆ.

ಜಡೆ ಎಂಬ ಪದದ ಒಳಗೇ ಈ ಸಿಕ್ಕು ಇದೆ. ಸಂಸ್ಕೃತದ ಜಟೆ ನಮ್ಮಲ್ಲಿ ಜಡೆಯಾಯಿತು. ಜಟೆ ಎಂದರೆ ಬಾಚದೆ ಬಿಟ್ಟು ಗಂಟುಗಟ್ಟಿದ ಕೂದಲು. ಹಂಗರಿ ದೇಶದಲ್ಲಿ ಪೂಲಿ, ಕೊಮೊಂಡೋರ್ ಎಂಬ ಎರಡು ಬಗೆಯ ಕುರಿನಾಯಿಗಳಿವೆ. ಅವುಗಳ ಕೂದಲು ತಾನೇ ತಾನಾಗಿ ಹುರಿಗಟ್ಟಿ ಹಗ್ಗದಂತೆ ಇಳಿಬೀಳುತ್ತದೆ. ಅಲ್ಲಿಯ ಚಳಿಯಲ್ಲಿ, ಕಾಡುಪ್ರಾಣಿಗಳ ಹಲ್ಲಿನೆದುರು, ಆ ಜಟೆ ಅವುಗಳಿಗೆ ಗುರಾಣಿ. ಅದನ್ನು ಯಾರೂ ಬಾಚುವುದಿಲ್ಲ, ಹುರಿಗಳು ಒಂದಕ್ಕೊಂದು ಅಂಟದಂತೆ ಕೈಯಲ್ಲಿ ಬಿಡಿಸುತ್ತಾರೆ. ಒಂದು ನಾಯಿಗೆ ರೋಗವಾಗುವುದು ಇನ್ನೊಂದಕ್ಕೆ ಅಂಗಿ.

ನಾನು ಕೇಳಿದೆ, "ಬಿಗಿ ಆದ್ರೆ ಅದು ಹೇಳಲ್ವಲ್ಲೋ, ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಹೇಳುತ್ತೆ ಅಕ್ಕ, ನಾವು ನೋಡಲ್ಲ ಅಷ್ಟೇ," ಅಂದ. ಹಸಿವಿಲ್ಲದಾಗ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಕೈ ಹತ್ತಿರ ಬಂದಾಗ ತಲೆ ತಗ್ಗಿಸುವುದು. ಕೆಳಗೆ ಬಿಟ್ಟ ಕೂಡಲೇ ಹಿಂಗಾಲಿನಿಂದ ಕೆರೆದುಕೊಂಡರೆ, ಮುಖವನ್ನು ನೆಲಕ್ಕೆ ಉಜ್ಜಿದರೆ ಕಟ್ಟು ಸರಿಯಿಲ್ಲ ಎಂದೇ ಅರ್ಥ. ಬೊಗಳುವುದು, ಕಚ್ಚುವುದು ಕೊನೆಯ ಮಾತು. ಅದಕ್ಕೂ ಮೊದಲು ಅದು ಹತ್ತು ಸಲ ಹೇಳಿರುತ್ತದೆ.

ಮೊಗ್ಗಿನ ಜಡೆಯ ನೆನಪು ನನ್ನ ಕುತ್ತಿಗೆಗೇ ಇದೆ. ಕನಕಪುರದ ದೊಡ್ಡಮ್ಮನ ಹೊಲದ ಮಲ್ಲಿಗೆ ಮೊಗ್ಗು, ನಡುನಡುವೆ ಕನಕಾಂಬರ, ಮರುಗ. ಜಡೆಯ ಮೇಲೆ ಪಟ್ಟಿ ಇಟ್ಟು ಸೂಜಿದಾರದಿಂದ ಹೊಲಿದು ಮುಗಿಸಲು ಅವ್ವನಿಗೆ ಎರಡು ಗಂಟೆ ಬೇಕಿತ್ತು. ಆಮೇಲೆ ಸ್ಟುಡಿಯೋ. ಬೆನ್ನ ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೋದಲ್ಲಿ ಬರುವ ಹಾಗೆ ನಿಲ್ಲಿಸುತ್ತಿದ್ದರು. ರಾತ್ರಿ ಮಗ್ಗುಲಾಗಿ ಮಲಗಬೇಕು. ಭಾರಕ್ಕೆ ಕತ್ತು ನೋಯುತ್ತಿತ್ತು. ಆದರೂ ಅದು ನನಗೆ ಬೇಕಾಗಿತ್ತು. ಓಣಿಯಲ್ಲಿ ನಡೆದು ಹೋದರೆ ಜನ ತಿರುಗಿ ನೋಡುತ್ತಿದ್ದರು. ನೋವಿಗೂ ಆಸೆಗೂ ನಡುವೆ ನಾನೇ ಲೆಕ್ಕ ಹಾಕಿಕೊಳ್ಳಬಹುದಿತ್ತು. ನಾಯಿಗೆ ಕನ್ನಡಿ ಗೊತ್ತಿಲ್ಲ, ಫೋಟೋ ಬೇಕಿಲ್ಲ. ಅದರ ಜಡೆಯ ಸಂತೋಷ ಪೂರ್ತಿ ಸಾಕಿದವರದು, ಎಳೆತ ಪೂರ್ತಿ ಅದರದು. ನಡುವೆ ಹೆಣೆಯುವವನ ಬೆರಳು ಇರುತ್ತದೆ. ತಮ್ಮ ಕೆಲವು ಸಲ ಹೆಣೆಯುವುದಿಲ್ಲ ಎಂದೇ ಹೇಳುತ್ತಾನೆ. ಟಿಬೆಟ್ಟಿನ ಚಳಿಗೆ ಬೆಳೆದ ಕೂದಲನ್ನು ನಮ್ಮ ಏಪ್ರಿಲ್ ತಿಂಗಳಿನಲ್ಲಿ ಹೊತ್ತು ಏದುಸಿರು ಬಿಡುವ ಲಾಸಾವನ್ನು ತಂದು ಬೆನ್ನಿಗೆ ಜಡೆ ಹಾಕು ಎಂದರೆ, ಮೊದಲು ಅರ್ಧ ಇಳಿಸೋಣ ಸರ್ ಎನ್ನುತ್ತಾನೆ. ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗುತ್ತಾರೆ.

ಪ್ರಾಣಿಗೆ ಸಿಂಗಾರ ಮಾಡುವುದು ಈ ನೆಲಕ್ಕೆ ಹೊಸದೇನಲ್ಲ. ಚನ್ನಪಟ್ಟಣದ ಹತ್ತಿರದ ಕೆಂಗಲ್ಲಿನಲ್ಲಿ ಆಂಜನೇಯಸ್ವಾಮಿ ಜಾತ್ರೆಗೆ ಸಂಕ್ರಾಂತಿಯ ಹೊತ್ತಿಗೆ ದನಗಳ ಪರಿಷೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳ ಕೊಂಬು ಹೆರೆದು, ತುದಿಗೆ ಹಿತ್ತಾಳೆಯ ಅಣಸು ಹಾಕಿ, ಹಣೆಗೆ ಕುಚ್ಚು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬಾಲದ ಕುಚ್ಚನ್ನು ತೊಳೆದು ಬಾಚಿ ನಿಲ್ಲಿಸುತ್ತಾರೆ. ಕೆಲವರು ವಾದ್ಯ ಹೇಳಿಸಿ ಮೆರವಣಿಗೆ ಮಾಡಿಸುತ್ತಾರೆ. ಅಲ್ಲಿ ವಾಲಗ ಊದುವವರಲ್ಲಿ ನಮ್ಮ ಜನವೂ ಇರುತ್ತಾರೆ. ನಾನು ಕ್ಷೇತ್ರಕಾರ್ಯಕ್ಕೆ ಹೋದಾಗ ಒಬ್ಬ ಯಜಮಾನರು ಎತ್ತಿನ ಹಣೆಯ ಕುಚ್ಚು ಸರಿಪಡಿಸುತ್ತ, ಇದು ಮನೆ ಮಗನಿದ್ದ ಹಾಗೆ ಕಣಮ್ಮ ಅಂದರು. ಅವರ ಮಾತಿಗೆ ಯಾರೂ ನಗಲಿಲ್ಲ, ಅವರ ಮೇಲೆ ಯಾರೂ ಗಾದೆ ಎಸೆಯಲಿಲ್ಲ. ಅಪಾರ್ಟ್‌ಮೆಂಟಿನ ಹೆಂಗಸು ತನ್ನ ನಾಯಿಯನ್ನು ಇದು ನನ್ನ ಮಗು ಅಂದರೆ ಮಾತ್ರ ನಮಗೆ ನಗು ಬರುತ್ತದೆ.

ಅವ್ವ ಹೆಣೆದ ಚೌರಿ ಜಡೆಯನ್ನು ಅಂಗಡಿಯಲ್ಲಿ ಕೊಂಡವರು ಮಾರನೆಯ ದಿನ ಅದನ್ನು ಕಳಸದ ಹಿಂದೆ ಇಳಿಬಿಟ್ಟು ಕೈಮುಗಿಯುತ್ತಾರೆ. ಮದುಮಗಳ ಜಡೆಗೆ ಎಲೆಅಡಿಕೆ, ಕುಪ್ಪಸದ ಬಟ್ಟೆ, ದಕ್ಷಿಣೆ ಕೊಡುತ್ತಾರೆ. ನಾಯಿಯ ಜಡೆಗೆ ಫೋನಿನಲ್ಲಿ ದುಡ್ಡು ಕಳಿಸುತ್ತಾರೆ, ಅದೂ ಅಪ್ಪ ನಾಲ್ಕೈದು ತಲೆಗೆ ದುಡಿಯುವಷ್ಟು. ಹೆಣಿಗೆ ಮೂರು ಕಡೆಯೂ ಒಂದೇ. ಎಡದ ಎಳೆ ನಡುವಿಗೆ, ಬಲದ ಎಳೆ ನಡುವಿಗೆ. ಒಂದಕ್ಕೆ ಭಕ್ತಿ, ಒಂದಕ್ಕೆ ಶಾಸ್ತ್ರ, ಒಂದಕ್ಕೆ ನಗು. ಕೆಲಸದ ಮರ್ಯಾದೆ ಕೈ ನೋಡಿ ಬರುವುದಿಲ್ಲ, ಕೈಯ ಕೆಳಗೆ ಇರುವ ತಲೆ ಯಾರದು ಎಂದು ನೋಡಿ ಬರುತ್ತದೆ. ಕ್ಷೌರಿಕರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಈ ಲೆಕ್ಕ ನಮ್ಮ ಕೈಗೂ ಅಂಟಿತ್ತು. ದಲಿತರ ತಲೆ ಮುಟ್ಟಲು ಒಪ್ಪದ ಕ್ಷೌರದಂಗಡಿಗಳ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಈಗಲೂ ಬರುತ್ತದೆ. ತಾತನೂ ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೆ ಮೇಲಿನವರು ಆಯ ನಿಲ್ಲಿಸುತ್ತಿದ್ದರು ಎಂದು ಅಪ್ಪ ಹೇಳುತ್ತಾನೆ. ಅದು ನಿಜವೇ ಇರಬಹುದು. ಆದರೆ ಕೂದಲು ಕತ್ತರಿಸಿಕೊಳ್ಳಲು ಪೇಟೆಯವರೆಗೆ ನಡೆದು ಹೋದವರ ಕಾಲು ನೋವು ಆ ಮಾತಿನಿಂದ ಹೋಗುವುದಿಲ್ಲ. ಅಪ್ಪ ಚನ್ನಪಟ್ಟಣಕ್ಕೆ ಬಂದದ್ದಕ್ಕೆ ಆಯದ ರಾಗಿ ಸಾಲದಿದ್ದದ್ದು ಒಂದು ಕಾರಣ, ಇದು ಇನ್ನೊಂದು. "ಊರಲ್ಲಿ ತಲೆ ಯಾರ್ದು ಅಂತ ನೋಡ್ಬೇಕಿತ್ತು. ಪೇಟೇಲಿ ತಲೆ ಅಂದ್ರೆ ತಲೆ," ಎನ್ನುವುದು ಅವನ ಮಾತು. ಅವನ ಎರ್ಡು ಕುರ್ಚಿಗಳಲ್ಲಿ ಮೂವತ್ತು ವರ್ಷಗಳಿಂದ ಯಾರು ಮೊದಲು ಬಂದರೋ ಅವರು ಕೂತಿದ್ದಾರೆ. ಅದು ಅಪ್ಪನ ಹೆಮ್ಮೆ.

ಆದ್ದರಿಂದಲೇ ತಮ್ಮನ ಮಾತು ಅವನಿಗೆ ಸಂಕಟ ತಂದಿತು. ಈ ವರ್ಷ ತಮ್ಮ ಊರಿಗೆ ಮರಳುವ ಯೋಚನೆ ಮಾಡಿದ. ಬೆಂಗಳೂರಿನಿಂದ ಇತ್ತ ಬಂದು ಮನೆ ಕಟ್ಟಿಕೊಂಡವರು ಹೆಚ್ಚಾಗಿದ್ದಾರೆ, ಅವರ ನಾಯಿಗಳೂ ಬಂದಿವೆ. ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟೇಬಲ್ಲು, ಒಂದು ತೊಟ್ಟಿ, ಒಂದು ಡ್ರೈಯರ್ ಇಟ್ಟರೆ ಸಾಕು ಎಂಬುದು ಅವನ ಲೆಕ್ಕ.

ಅಪ್ಪ ಒಪ್ಪಲಿಲ್ಲ. "ಮನುಷ್ಯರ ಕೂದ್ಲು ಮುಟ್ಟಿದ್ದಕ್ಕೇ ಏನೇನು ಅನ್ನಿಸ್ಕೊಂಡಿದ್ದೀವಿ. ಇನ್ನು ನಾಯಿ ಕ್ಷೌರದವರು ಅಂತ ಬೇರೆ ಅನ್ನಿಸ್ಕೋಬೇಕಾ? ನಿಮ್ಮ ಬೆಂಗಳೂರಲ್ಲಿ ಅದು ಸ್ಟೈಲು. ಇಲ್ಲಿ ಅದು ಬೈಗುಳ ಕಣ್ಲಾ."

ತಮ್ಮ ಸಿಟ್ಟಾದ. ನನಗೆ ಇಬ್ಬರ ಮಾತೂ ಸರಿ ಎನಿಸಿತು. ನಮ್ಮ ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವುದನ್ನು ನಿಲ್ಲಿಸಿ ಎಂದು ಸವಿತಾ ಸಮಾಜದವರು ಎಷ್ಟೋ ವರ್ಷಗಳಿಂದ ಕೇಳಿಕೊಂಡು ಬಂದಿದ್ದಾರೆ. ಒಂದು ಬೈಗುಳ ಸವೆಯುವ ಮೊದಲೇ ಇನ್ನೊಂದನ್ನು ಮನೆಗೆ ತಂದುಕೊಳ್ಳುವುದು ಬೇಡ ಎಂಬ ಅಪ್ಪನ ಭಯ ಸುಳ್ಳಲ್ಲ. ಬೆಂಗಳೂರಿನಲ್ಲಿ ಗೌರವದಿಂದ ಮಾಡುವ ಕೆಲಸವನ್ನು ಸ್ವಂತ ಊರಿನಲ್ಲಿ ಯಾಕೆ ಬಚ್ಚಿಡಬೇಕು ಎಂಬ ತಮ್ಮನ ಪ್ರಶ್ನೆಯೂ ಸುಳ್ಳಲ್ಲ.

ಅಪ್ಪ ಒಂದು ದಿನ ನೋಡಲು ಹೋದ. ಮಂಗಳವಾರ, ಕ್ಷೌರದಂಗಡಿಗಳಿಗೆ ರಜೆ. ನಾನೂ ಜೊತೆಗಿದ್ದೆ. ಕಾಯುವವರ ಸೋಫಾದಲ್ಲಿ ಕೂರದೆ ಗಾಜಿನ ಬಾಗಿಲ ಪಕ್ಕ ಕೈಕಟ್ಟಿ ನಿಂತ. ಟೇಬಲ್ಲಿನ ಮೇಲೆ ಲಡ್ಡು ಎಂಬ ಶಿ ತ್ಸು. ತಮ್ಮ ಬೈತಲೆ ತೆಗೆದು, ಜುಟ್ಟು ಕಟ್ಟಿ, ಅದರಿಂದ ಮೂರೆಳೆಯ ಸಣ್ಣ ಜಡೆ ಇಳಿಸಿದ. ಅಪ್ಪ ತುಂಬ ಹೊತ್ತು ಸುಮ್ಮನಿದ್ದ.

"ಬಿಗಿ ಆಯ್ತು. ಕಣ್ಣು ಎಳ್ಕೊಂಡೈತೆ," ಅಂದ.

"ಅದರ ಕಣ್ಣೇ ಹಂಗೆ ಅಪ್ಪ, ದಪ್ಪ."

"ಮೇಲ್ನಿಂದ ನೋಡ್ಬೇಡ. ಬಗ್ಗಿ ಅದರ ಎದುರಿಗೆ ಬಂದು ನೋಡು."

ತಮ್ಮ ಬಗ್ಗಿ ನಾಯಿಯ ಮುಖದ ಮಟ್ಟಕ್ಕೆ ಬಂದು ನೋಡಿದ. ಬಲಗಣ್ಣಿನ ರೆಪ್ಪೆ ತುಸು ಮೇಲಿತ್ತು. ಏನೂ ಮಾತಾಡದೆ ಬ್ಯಾಂಡು ಕತ್ತರಿಸಿ ತೆಗೆದು, ಮತ್ತೆ ಕಟ್ಟಿದ. ಅಪ್ಪ ಈಗ ಟೇಬಲ್ಲಿನ ಹತ್ತಿರವೇ ಬಂದಿದ್ದ. ಕತ್ತರಿ ಎಲ್ಲಿಯದು, ಸಾಣೆ ಹಿಡಿಸುವುದು ಎಲ್ಲಿ ಎಂದು ಕೇಳಿದ. ಹಿಂದಿರುಗುವಾಗ ಬಸ್ಸಿನಲ್ಲಿ ನಾಯಿಯ ವಿಷಯ ಎತ್ತಲಿಲ್ಲ. ಬಿಡದಿ ದಾಟಿದ ಮೇಲೆ ಒಂದೇ ಮಾತು, "ಕೈ ಐತೆ ಅವನಿಗೆ."

ನನ್ನ ಮಾರ್ಗದರ್ಶಕರ ಮುಂದೆ ಈ ಪದಗಳನ್ನು ಇಟ್ಟಾಗ ಅವರು ಸಹಜವಾದ ಪ್ರಶ್ನೆಯನ್ನೇ ಕೇಳಿದರು. ನಾಯಿಯ ಅಲಂಕಾರ ನಮ್ಮ ಕಡೆಯ ಕಸುಬು ಹೇಗಾಗುತ್ತದೆ, ಐದು ವರ್ಷದ ಕೆಲಸಕ್ಕೆ ಪರಂಪರೆ ಎಲ್ಲಿದೆ? ಕಸುಬು ಹೊಸದು, ಆದರೆ ಪದಗಳು ಹಳೆಯವು ಎಂದೆ. ಸಿಕ್ಕು, ಬೈತಲೆ, ಎಳೆ, ಜುಟ್ಟು, ಕುಚ್ಚು ಇವನ್ನೆಲ್ಲ ಒಬ್ಬ ಹುಡುಗ ಅವ್ವನ ಮಡಿಲ ಪಕ್ಕದಿಂದ ಎತ್ತಿಕೊಂಡು ಹೋಗಿ ಹೊಸ ಟೇಬಲ್ಲಿನ ಮೇಲೆ ಇಟ್ಟಿದ್ದಾನೆ. ಪದ ಹೀಗೇ ಬದುಕುವುದಲ್ಲವೇ? ಅನುಬಂಧದಲ್ಲಿ ಸೇರಿಸಿ ಎಂದರು. ಬೈತಲೆಯ ಚೀಟಿಯಲ್ಲಿ ಈಗ ಎರಡು ಅರ್ಥಗಳಿವೆ. ಒಂದು, ತಲೆಗೂದಲನ್ನು ಇಬ್ಭಾಗ ಮಾಡುವ ಗೆರೆ. ಎರಡು, ಉದ್ದ ಕೂದಲಿನ ನಾಯಿಯ ತಲೆಯಿಂದ ಬಾಲದ ಬುಡದವರೆಗೆ ತೆಗೆಯುವ ಗೆರೆ.

ಮನೆಯಲ್ಲಿ ಮಾತುಕತೆ ಮುಗಿದಿಲ್ಲ. ಅಪ್ಪ ಮೂರು ಷರತ್ತು ಹಾಕಿದ್ದಾನೆ. ನಾಯಿಗಳಿಗೆ ಹಿಂದಿನ ಓಣಿಯಿಂದ ಬೇರೆ ಬಾಗಿಲು, ಬೇರೆ ಕತ್ತರಿ ಬಾಚಣಿಗೆ, ಮಂಗಳವಾರ ರಜೆ. ಬಾಗಿಲಿನ ಮಾತು ಕೇಳಿದಾಗ ನನಗೆ ತಾತನ ಹಿತ್ತಿಲು ನೆನಪಾಯಿತು, ಹೇಳಲಿಲ್ಲ. ತಮ್ಮ ಮೊದಲೆರಡಕ್ಕೆ ಒಪ್ಪಿದ್ದಾನೆ. ಮೂರನೆಯದಕ್ಕೆ ಇನ್ನೂ ಎಳೆದಾಟ ನಡೆದಿದೆ.

"ನಾಯಿಗೆ ಯಾವ ಮಂಗಳವಾರ ಅಪ್ಪ?"

"ನಾಯಿಗಲ್ಲ ಕಣ್ಲಾ, ಕೈಗೆ."

ಈ ವಾರದ ಮಟ್ಟಿಗೆ ಮಾತು ಅಲ್ಲಿಗೆ ನಿಂತಿದೆ. ಬೋರ್ಡಿನಲ್ಲಿ ಏನು ಬರೆಸಬೇಕು ಎಂಬುದನ್ನು ಇನ್ನೂ ಯಾರೂ ಎತ್ತಿಲ್ಲ.